ಹಾಜರಿಯ ಬಟನ್

ಆಳಂದದ ನಮ್ಮ ಪುಟ್ಟ ಕಚೇರಿಯಲ್ಲಿ ವೆಬ್‌ಸೈಟು ಮಾಡುತ್ತೇವೆ. ನಗೆ ಮಾತ್ರ ತಾನಾಗಿಯೇ ಆಗುತ್ತದೆ. ಮಟಕಿ ಹಳ್ಳಿಯಿಂದ ಬರುವ ನಮ್ಮ ಸಹೋದ್ಯೋಗಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನದನ್ನು ಫೋನು ಓದಿ ಹೇಳುತ್ತದೆ. ನಾವು ಮಾಡಿದ್ದು ಎಲ್ಲರಿಗೂ ಬಳಸಲು ಬರುತ್ತದೋ ಇಲ್ಲವೋ ನೋಡುವುದೇ ಅವನ ಕೆಲಸ. ಆದರೆ ನಮ್ಮದೇ ಹಾಜರಿ ಆ್ಯಪಿನ ಬಟನ್‌ಗಳಿಗೆ ಫೋನು ಓದಿ ಹೇಳುವಂಥ ಹೆಸರಿಲ್ಲ. ದಿನಾ ಬೆಳಿಗ್ಗೆ ಯಾರಾದರೂ ಅವನ ಹಾಜರಿ ಒತ್ತಿಕೊಡಬೇಕು.

"ನನ್ನ ಹಾಜರಿ ನಾನೇ ಒತ್ತಬೇಕ್ರಿ," ಎಂದು ಮೂರು ತಿಂಗಳಿಂದ ಕೇಳುತ್ತಿದ್ದ.

"ಗಿರಾಕಿಗಳ ಕೆಲಸ ಮುಗೀಲಿ, ನೋಡೋಣಂತ," ಎನ್ನುತ್ತಿದ್ದರು ಕಚೇರಿ ನಡೆಸುವ ಸಾಹೇಬರು.

೧. ಜೇವರ್ಗಿಯ ನಗು

ಜೇವರ್ಗಿಯ ಶಾಲೆಯೊಂದರ ವೆಬ್‌ಸೈಟಿನ ಚಿತ್ರಗಳಿಗೆ, ಕಣ್ಣು ಕಾಣದವರಿಗಾಗಿ ಒಂದೊಂದು ಸಾಲು ವಿವರಣೆ ಬರೆಯುವುದು ನನ್ನ ಪಾಲು. ಮುಖ್ಯಗುರುಗಳ ಚಿತ್ರಕ್ಕೆ 'ಕುರ್ಚಿಯಲ್ಲಿ ಕುಳಿತಿದ್ದಾರೆ' ಎಂದು ಬರೆದೆ.

"ಇಷ್ಟೇ ಏನ್ರಿ ಸರ್? ನಗಾಕತ್ತಾರೋ ಇಲ್ಲೋ?" ಎಂದ ಮಟಕಿಯವನು.

ಬಹಳ ಹೊತ್ತು ನೋಡಿ, 'ನಗಲು ಯತ್ನಿಸುತ್ತಿದ್ದಾರೆ' ಎಂದು ಸೇರಿಸಿದೆ. ಮರುದಿನ ಮುಖ್ಯಗುರುಗಳ ಫೋನು ಬಂತು.

"ಯತ್ನ ಅಲ್ರಿ ಅದು. ನಗೀನೇ."

೨. ಅಫಜಲಪುರದ ಗಿರಾಕಿ

ಗುರುವಾರ ಊಟದ ಮೇಲೆ ಅರ್ಧ ಗಂಟೆ ಎಲ್ಲರೂ ಕಣ್ಣು ಮುಚ್ಚಿ, ಫೋನಿನ ದನಿಯನ್ನಷ್ಟೇ ನಂಬಿ ಕೆಲಸ ಮಾಡುವ ರೂಢಿ ಹಾಕಿದವನೂ ಅವನೇ. ಕಿಟಕಿಯಾಚೆಯ ತೊಗರಿ ಹೂವಿನ ಹಳದಿ ರೆಪ್ಪೆಯೊಳಗೆ ತೇಲುತ್ತದೆ. ಫ್ಯಾನಿನ ಕೆಳಗೆ ಆ ದನಿಗಳು ದೂರದ ಯಾವುದೋ ಊರಿನಿಂದ ಬಂದಂತಿರುತ್ತವೆ.

ಒಮ್ಮೆ ಕಣ್ಣು ತೆರೆದರೆ, ಅಫಜಲಪುರದ ದಾಲ್‌ಮಿಲ್ ಮಾಲೀಕರು ಚಪ್ಪಲಿ ಹೊರಗೆ ಬಿಟ್ಟು, ನಮ್ಮ ನಡುವೆ ಕಣ್ಣು ಮುಚ್ಚಿ ಕುಳಿತಿದ್ದರು. ಹಣೆ ತುಂಬ ವಿಭೂತಿ.

"ನೀವೂ ಶಿವಯೋಗಕ್ಕ ಕುಂದರ್ತೀರಿ ಅಂತ ಗೊತ್ತಿರಲಿಲ್ರಿ," ಎನ್ನುತ್ತ ಎದ್ದರು. "ಮನಸ್ಸು ಹಗುರಾತು. ವೆಬ್‌ಸೈಟ್ ಇನ್ನೊಂದಿನ ನೋಡೋಣ."

೩. ಸಾಹೇಬರ ಸರದಿ

ಮುಂದಿನ ಗುರುವಾರ ಸಾಹೇಬರೂ ಬಂದು ಕುಳಿತರು.

"ಕಣ್ಣು ಮುಚ್ಚಿ ನಿಮ್ಮ ಹಾಜರಿ ಒತ್ರಿ ಸಾಹೇಬ್ರ. ಒತ್ತಿದ್ರ ನಾ ಮತ್ತ ಕೇಳಂಗಿಲ್ಲ," ಎಂದ ಮಟಕಿಯವನು.

ಸಾಹೇಬರು ಕಣ್ಣು ಮುಚ್ಚಿದರು. 'ಬಟನ್' ಎಂದಿತು ಫೋನು. ಬೆರಳು ಸರಿಸಿದರು. 'ಬಟನ್.' ಇನ್ನಷ್ಟು ಸರಿಸಿದರು. 'ಬಟನ್.' ಅದನ್ನೇ ಒತ್ತಿದರು.

"ಇದ್ರಾಗ ಏನ್ ಕಷ್ಟ ಐತಿ?"

ಅಷ್ಟರಲ್ಲಿ ನಮ್ಮೆಲ್ಲರ ಫೋನುಗಳೂ ಒಟ್ಟಿಗೆ ಗುಂಯ್ ಎಂದವು. ಮಟಕಿಯವನದು ಗಟ್ಟಿಯಾಗಿ ಓದಿತು: 'ಸಾಹೇಬರು ಇಂದು ರಜೆಯಲ್ಲಿದ್ದಾರೆ.'

"ಹೋಗಿ ಬರ್ರಿ ಸಾಹೇಬ್ರ," ಎಂದ ಅವನು.

ಸಾಹೇಬರು ಕಣ್ಣು ತೆರೆದು ಮೆಲ್ಲಗೆ, "ಇದನ್ನ ಮೊದಲ ಸರಿ ಮಾಡ್ರಪಾ," ಎಂದರು.

"ಗಿರಾಕಿಗಳ ಕೆಲಸ ಮುಗೀಲಿ, ನೋಡೋಣಂತ್ರಿ," ಎಂದ ಮಟಕಿಯವನು.

ಸಂಜೆಯೊಳಗೆ ಬಟನ್‌ಗಳಿಗೆ ಹೆಸರು ಬಂದವು. ಮರುದಿನ ಬೆಳಿಗ್ಗೆ ಅವನು ತನ್ನ ಹಾಜರಿ ತಾನೇ ಒತ್ತಿದ. ಸಾಹೇಬರು ಬಂದು ತಮ್ಮ ಫೋನನ್ನೂ ಅವನ ಕೈಗಿಟ್ಟರು.

"ನಂದೂ ಒತ್ತಿಕೊಡಪಾ. ನನಗ ಧೈರ್ಯ ಸಾಲವಲ್ದು."