ಕಾರಿಗೂ ಬೈಕಿಗೂ ಒಂದೇ ಕೇಬಲ್

ಹೆಂಡತಿ: ಏನ್ರೀ ಇದು? ಕಿವೀಗೆ ಸಿಕ್ಕಿಸ್ಕೊಂಡು ಹಾಡು ಕೇಳೋ ವೈರಾ?

ಗಂಡ: ಜಂಪರ್ ಕೇಬಲ್ ಕಣೇ. ಬೈಕಿನ ಸೀಟಿನ ಕೆಳಗೆ ಕೂರುತ್ತೆ. ಕಾಂಪ್ಯಾಕ್ಟು. ಕಾಂಪ್ಯಾಕ್ಟ್ ಅಂದ್ರೆ ಏನು ಗೊತ್ತಾ ನಿನಗೆ?

ಹೆಂಡತಿ: ಗೊತ್ತಿಲ್ದೇ ಏನು? ಮದುವೆ ಹೊತ್ತಿಗೆ ನೀವೂ ಹಾಗೇ ಇದ್ರಿ.

ವಾಹನಗಳ ಬಿಡಿಭಾಗ ಮಾರುವ ಅಂಗಡಿ. ಗಾಜಿನ ಕೌಂಟರಿನ ಮೇಲೆ ಎರಡು ಕೇಬಲ್ಲುಗಳು. ಒಂದು ಅಂಗೈಯಗಲದ ಚೀಲದಲ್ಲಿ ಮುದುರಿ ಕೂತದ್ದು. ಇನ್ನೊಂದು ಹೆಬ್ಬೆರಳ ದಪ್ಪದ್ದು, ಸುತ್ತಿಟ್ಟರೆ ಟೈರಿನಂತೆ ಕಾಣುವಂಥದ್ದು. ಬೆಳಿಗ್ಗೆ ಇವರ ಮನೆ ಮುಂದೆ ಕಾರು ಕೆಮ್ಮಿತ್ತು, ಆಮೇಲೆ ಕೆಮ್ಮುವುದನ್ನೂ ಬಿಟ್ಟಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಮಧ್ಯಾಹ್ನದ ಪಾಳಿಗೆ ಹೋಗಬೇಕು. ಗಂಡ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ನೇರ ಇಲ್ಲಿಗೆ ಬಂದಿದ್ದ.

ಅಂಗಡಿಯವ: ಯಾವ ಕೇಬಲ್ ಅನ್ನೋದು ಆಮೇಲೆ ಸಾರ್. ಮೊದಲು ಕೊಡೋ ಗಾಡಿ ಯಾವುದು, ತಗೊಳ್ಳೋ ಗಾಡಿ ಯಾವುದು ಹೇಳಿ.

ಗಂಡ: ಗಾಡಿ ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ ಕಣ್ರೀ. ಕೇಬಲ್ ತಗೊಳ್ಳೋಕೆ ಬಂದಿರೋದು.

ಅಂಗಡಿಯವ: ಅಯ್ಯೋ, ಕರೆಂಟ್ ಕೊಡೋ ಗಾಡಿ ಸಾರ್! ಒಂದರ ಬ್ಯಾಟರಿ ಸತ್ರೆ ಇನ್ನೊಂದರಿಂದ ತಾನೇ ಎಳ್ಕೊಳ್ಳೋದು?

ಹೆಂಡತಿ: ಬೆಳಿಗ್ಗೆಯಿಂದ ನಾನೂ ಅದನ್ನೇ ಬಡ್ಕೊಳ್ತಿದೀನಿ ಅಣ್ಣಾ. ಎದುರುಮನೇಲಿ ಕಾರಿದೆ, ಹೋಗಿ ಒಂದು ಮಾತು ಕೇಳಿ ಅಂದ್ರೆ ಇವರ ಕಾಲೇ ಏಳಲ್ಲ.

ಗಂಡ: ಆ ಮನುಷ್ಯನ್ನ ಕೇಳೋದಾ? ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸ್ದೋನನ್ನ?

ಹೆಂಡತಿ: ನಿಲ್ಲಿಸಿದ್ದು ಒಂದೇ ಸಲ. ಅದೂ ಅವರ ಅತ್ತೆಗೆ ಉಸಿರು ಕಟ್ಟಿತು ಅಂತ, ಅವಸರದಲ್ಲಿ.

ಗಂಡ: ಉಸಿರು ಕಟ್ಟೋಕೆ ಅವರದ್ದೇ ಗೇಟಿತ್ತಲ್ಲ!

ಅಂಗಡಿಯವ ನಗು ತಡೆಯಲು ಎರಡು ಸಲ ಕೆಮ್ಮಿದ.

ಹೆಂಡತಿ: ಕೇಳಿದ್ರಾ ಅಣ್ಣಾ? ಈ ಮಾತನ್ನ ಇಡೀ ಬೀದಿ ಎದುರಿಗೆ ಆಡಿ ಬಂದಿದಾರೆ. ಈಗ ಅವರ ಹತ್ರ ಕರೆಂಟ್ ಕೇಳೋಕೆ ಯಾವ ಮುಖ ಇಟ್ಕೊಂಡು ಹೋಗ್ತಾರೆ?

ಗಂಡ: ಯಾರ ಹಂಗೂ ಬೇಕಿಲ್ಲ. ನನ್ನ ಬೈಕಿದೆ. ಈ ಚೀಲದ ಮೇಲೆ ಏನು ಬರೆದಿದೆ ಓದು. ‘ಕಾರಿಗೂ ಬೈಕಿಗೂ.’ ಬೈಕಿಂದ ಎಳೆದು ಕಾರಿಗೆ ಕೊಡ್ತೀನಿ.

ಅಂಗಡಿಯವ: ಅದು... ಕಾರಿಂದ ಬೈಕಿಗೆ ಕೊಡ್ಬಹುದು ಅನ್ನೋ ಅರ್ಥ ಸಾರ್. ಬೈಕಿನ ಬ್ಯಾಟರಿ ಇಷ್ಟೇ ಇಷ್ಟಿರುತ್ತೆ. ಅದು ಕಾರಿನ ಇಂಜಿನ್ ತಿರುಗಿಸೋದು ಅಂದ್ರೆ...

ಗಂಡ: ಆಗಲ್ವಾ? ಹಾಗಾದ್ರೆ ಕೇಬಲ್ಲೇ ಬೇಡ ಬಿಡಿ.

ಅಂಗಡಿಯವ: ಆಗಲ್ಲ ಅಂತ ನಾನೆಲ್ಲಿ ಅಂದೆ ಸಾರ್!

ಹೆಂಡತಿ: ಅಂದ್ರೆ ಆಗುತ್ತಾ?

ಅಂಗಡಿಯವ: ಆಗುತ್ತೆ ಅಂತಲೂ ಅನ್ನಲಿಲ್ಲ ಮೇಡಂ.

ಹೆಂಡತಿ: ನೀವು ಅಂಗಡಿ ಇಟ್ಟಿದೀರೋ, ಚುನಾವಣೆಗೆ ನಿಂತಿದೀರೋ? ಆ ದಪ್ಪದ್ದು ಕೊಡಿ ಇತ್ಲಾಗೆ.

ಗಂಡ: ಅದರ ಕ್ಲಿಪ್ಪು ನೋಡು, ಮೊಸಳೆ ಬಾಯಿ! ಬೈಕಿನ ಬ್ಯಾಟರಿ ಕೂತಿರೋ ಸಂದೀಲಿ ಅದು ಬಾಯಿ ತೆರೆಯೋಕೂ ಜಾಗ ಇಲ್ಲ.

ಅಂಗಡಿಯವ: ಸಾರ್ ಹೇಳೋದು ಸರಿ.

ಹೆಂಡತಿ: ನಿಮ್ಮ ಸಣ್ಣ ವೈರಿನಲ್ಲಿ ಕಾರಿನ ಕರೆಂಟ್ ಹರಿದ್ರೆ ಕೈ ಸುಡುತ್ತೆ. ಸುಟ್ಟ ಕೈಗೆ ಪಟ್ಟಿ ಕಟ್ಟೋಳೂ ನಾನೇ.

ಅಂಗಡಿಯವ: ಮೇಡಂ ಹೇಳೋದೂ ಸರಿ. ಅದಕ್ಕೇ ಇದು ನೋಡಿ.

ಅವನು ಕೆಳಗಿನ ಖಾನೆಯಿಂದ ಮೂರನೆಯದೊಂದು ತೆಗೆದಿಟ್ಟ.

ಅಂಗಡಿಯವ: ವೈರು ದಪ್ಪ, ಒಳಗೆ ಪೂರ್ತಿ ತಾಮ್ರ. ಕ್ಲಿಪ್ಪು ಸಣ್ಣದು. ಮಡಚಿದ್ರೆ ಸೀಟಿನ ಕೆಳಗೂ ಹೋಗುತ್ತೆ.

ಗಂಡ, ಹೆಂಡತಿ (ಒಟ್ಟಿಗೆ): ಇದನ್ನ ಮೊದಲೇ ತೋರಿಸೋಕೆ ಏನಾಗಿತ್ತು?

ಅಂಗಡಿಯವ: ಸಂಸಾರದ ಮಾತು ನಡೀತಿತ್ತಲ್ಲ. ನಡುವೆ ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ.

ಕೇಬಲ್ ಕೊಂಡು ಇಬ್ಬರೂ ಹೊರಗೆ ಬಂದರು.

ಹೆಂಡತಿ: ಸರಿ, ಕೇಬಲ್ ಆಯ್ತಲ್ಲ. ಈಗ ಬೈಕಲ್ಲೇ ನನ್ನನ್ನ ಆಸ್ಪತ್ರೆಗೆ ಬಿಟ್ಟುಬಿಡಿ.

ಗಂಡ: ಎಲ್ಲಾದ್ರೂ ಉಂಟಾ? ಎದುರುಮನೆಯವನು ಕಿಟಕೀಲಿ ನಿಂತು ನೋಡ್ತಿರ್ಬೇಕು, ನೀನು ಕಾರಲ್ಲಿ ಭರ್ರ್ ಅಂತ ಹೋಗ್ಬೇಕು.

ಮನೆ ತಲುಪಿದ್ದೇ ತಡ, ಗಂಡ ಕಾರಿನ ಬಾನೆಟ್ ಎತ್ತಿದ. ಬೈಕನ್ನು ಪಕ್ಕಕ್ಕೆ ತಂದು ಸೀಟು ಬಿಚ್ಚಿದ. ಕೆಂಪು ಕ್ಲಿಪ್ಪು, ಕಪ್ಪು ಕ್ಲಿಪ್ಪು ಎಲ್ಲ ಹಾಕಿ, ಅಂಗಿಯ ತೋಳು ಮೇಲೇರಿಸಿ, ಎದುರುಮನೆಯ ಕಿಟಕಿಯ ಕಡೆ ಒಮ್ಮೆ ನೋಡಿದ.

ಗಂಡ: ಹೂಂ, ತಿರುಗಿಸು ಕೀ!

ಕಾರು ಕಟಕಟ ಎಂದಿತು.

ಗಂಡ: ನೋಡಿದ್ಯಾ? ಮಾತಾಡ್ತು! ಇನ್ನೊಂದು ಸಲ!

ಹೆಂಡತಿ: ಅದು ಮಾತಾಡಿದ್ದಲ್ಲ ರೀ, ಹಲ್ಲು ಕಡಿದದ್ದು.

ಗಂಡ: ಇನ್ನೊಂದೇ ಒಂದು ಸಲ!

ಆ ‘ಇನ್ನೊಂದೇ ಒಂದು ಸಲ’ ಎಷ್ಟೋ ಸಲ ನಡೆಯಿತು. ಕೊನೆಗೆ ಕಾರು ಕಟಕಟವನ್ನೂ ನಿಲ್ಲಿಸಿತು. ಗಂಡ ಬೈಕಿನ ಬಟನ್ ಒತ್ತಿದ. ಅದೂ ಸುಮ್ಮನಿತ್ತು. ಮತ್ತೆ ಒತ್ತಿದ. ದೀಪ ಕೂಡ ಹತ್ತಲಿಲ್ಲ.

ಹೆಂಡತಿ: ಬೆಳಿಗ್ಗೆ ಒಂದು ಗಾಡಿಯಾದ್ರೂ ಇತ್ತು ನಮಗೆ. ನಿಮ್ಮ ಕೈಗುಣಕ್ಕೆ ಅದೂ ಹೋಯ್ತು. ಇನ್ನೇನು ಉಳಿದಿದೆ? ಗಡಿಯಾರಕ್ಕೂ ಸಿಕ್ಕಿಸಿಬಿಡಿ.

ಗಂಡ ಹೆಂಡತಿಯ ಮುಖ ನೋಡಲಾರದೆ ರಸ್ತೆ ನೋಡಿದ. ಆಮೇಲೆ ಕೈ ಒರೆಸಿಕೊಂಡು, ಕೇಬಲ್ ಬಿಚ್ಚಿ ಕೈಲಿ ಹಿಡಿದು, ಗಂಟಲು ಸರಿಮಾಡಿಕೊಂಡು, ಎದುರುಮನೆಯ ಕಡೆ ಹೆಜ್ಜೆ ಹಾಕಿದ. ಅದೇ ಹೊತ್ತಿಗೆ ಆ ಮನೆಯ ಬಾಗಿಲು ತೆರೆದು ಎದುರುಮನೆಯವನೂ ಹೊರಬಂದ. ರಸ್ತೆಯ ಮಧ್ಯದಲ್ಲಿ ಮುಖಾಮುಖಿಯಾದರು.

ಇಬ್ಬರೂ (ಒಟ್ಟಿಗೆ): ಸಾರ್, ಒಂದು ಸಹಾಯ...

ಗಂಡ: ನೀವು ಹೇಳಿ, ನೀವು ಹೇಳಿ.

ಎದುರುಮನೆಯವ: ಛೆ ಛೆ, ನೀವು ಮೊದಲು.

ಗಂಡ: ಇಲ್ಲ, ನೀವೇ ಹೇಳ್ಬೇಕು.

ಎದುರುಮನೆಯವ: ನಿಮ್ಮ ಕೈಲಿ ಕೇಬಲ್ ಕಂಡೆ. ನಮ್ಮ ಕಾರಿನ ಬ್ಯಾಟರಿ ಮೊನ್ನೆಯಿಂದ ಮಲಗಿಬಿಟ್ಟಿದೆ. ಸ್ವಲ್ಪ ಕರೆಂಟ್ ಕೊಟ್ರೆ...

ಗಂಡ: ಮೊನ್ನೆಯಿಂದ! ಒಂದು ಮಾತು ಹೇಳ್ಬಾರ್ದಿತ್ತಾ?

ಎದುರುಮನೆಯವ: ಮಾತು ಬಿಟ್ಟಿದ್ವಲ್ಲ ಸಾರ್. ನೀವೇ ಮೊದಲು ಮಾತಾಡಿಸ್ಲಿ ಅಂತ ಕಾದೆ. ಈಗ ನಿಮ್ಮದೇನು ಹೇಳಿ.

ಗಂಡ: ನಂದೇನಿಲ್ಲ. ನಿಮ್ಮ ಹತ್ರ ಕರೆಂಟ್ ಕೇಳೋಣ ಅಂತ ಬರ್ತಿದ್ದೆ.

ಅಷ್ಟರಲ್ಲಿ ಎದುರುಮನೆಯವನ ಹೆಂಡತಿ ತನ್ನ ಸ್ಕೂಟರ್ ಹೊರಗೆ ತಂದು, ಸ್ಟಾರ್ಟ್ ಮಾಡಿ, ಇವನ ಹೆಂಡತಿಯ ಮುಂದೆ ನಿಲ್ಲಿಸಿದಳು.

ಎದುರುಮನೆಯಾಕೆ: ಹತ್ತಿ ಅಕ್ಕಾ. ಆಸ್ಪತ್ರೆ ಮುಂದೇನೇ ಹೋಗ್ತೀನಿ.

ಗಂಡ: ಅಮ್ಮಾ, ಒಂದ್ನಿಮಿಷ! ನಿಮ್ಮ ಸ್ಕೂಟರಿಂದ ಒಂಚೂರು...

ಎದುರುಮನೆಯಾಕೆ: ಆ ಕ್ಲಿಪ್ಪು ಇತ್ತ ತಂದ್ರೆ ನೋಡಿ! ಈ ಬೀದೀಲಿ ಜೀವ ಇರೋದು ಇದೊಂದಕ್ಕೇ.

ಹೆಂಡತಿ ಬ್ಯಾಗು ಹೆಗಲಿಗೇರಿಸಿ ಹಿಂದೆ ಕೂತಳು.

ಗಂಡ: ಏ, ಹಾಗೇ ಹೊರಟ್ರೆ ಹೇಗೆ? ನಾವಿಬ್ರೂ ಏನ್ಮಾಡೋದು?

ಹೆಂಡತಿ: ಒಂದು ತುದಿ ನೀವು ಕಚ್ಕೊಳ್ಳಿ, ಇನ್ನೊಂದು ಅವರು ಕಚ್ಕೊಳ್ಳಲಿ. ಇಬ್ಬರಲ್ಲಿ ಯಾರದ್ದಾದ್ರೂ ತಲೆ ಸ್ಟಾರ್ಟ್ ಆದ್ರೆ ಒಂದು ಫೋನ್ ಮಾಡಿ!