ಎಂಟು ದಿನದ ಕಾನೂನು

ನಮ್ಮ ಭಾವನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡವರು ಫೋಟೋದಲ್ಲಿ ತಾವು ಇದ್ದ ಹಾಗೆಯೇ ಕಾಣುತ್ತಿದ್ದರು. ಗುಬ್ಬಿಯಂಥ ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಗಿರಾಕಿಗಳನ್ನು ಕಳೆದುಕೊಳ್ಳಲು ಇದಕ್ಕಿಂತ ದೊಡ್ಡ ಅಪರಾಧ ಮಾಡಬೇಕೆ?

ಅವರು ನನ್ನ ಅಕ್ಕನ ಗಂಡ. ನಾನು ಮಠದ ಹಾಸ್ಟೆಲಿನಲ್ಲಿ ಬೆಳೆದು, ತುಮಕೂರಿನಲ್ಲಿ ಮೇಷ್ಟ್ರಾಗಿ ನಿವೃತ್ತನಾದವನು. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು ಇಂದಿಗೂ ತಪ್ಪಿಲ್ಲ. ಭಾವನಿಗೋ ಊಟಕ್ಕೂ ಹೊತ್ತುಗೊತ್ತಿರಲಿಲ್ಲ, ಅಂಗಡಿ ತೆರೆಯಲೂ ಹೊತ್ತುಗೊತ್ತಿರಲಿಲ್ಲ. ಎರಡು ಕಾಲಿಗೂ ಒಂದೇ ಜೊತೆಯ ಚಪ್ಪಲಿ ಸಿಕ್ಕಿದ ದಿನ ಮನೆಯಲ್ಲಿ ಹಬ್ಬ! ಇಂಥವರ ಬದುಕಿನಲ್ಲಿ ಒಂದೇ ಒಂದು ಕಾನೂನಿತ್ತು. ಅದನ್ನು ಮಾತ್ರ ನಮ್ಮ ಹಾಸ್ಟೆಲಿನ ವಾರ್ಡನ್ನೂ ನಾಚುವಂತೆ ಪಾಲಿಸುತ್ತಿದ್ದರು.

ಆಗೆಲ್ಲ ನೆಗೆಟಿವ್ ಮೇಲೆಯೇ ಟಚಪ್ ಮಾಡುವ ಪದ್ಧತಿ. ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಷ್ಟು ಚೂಪಾದ ಪೆನ್ಸಿಲ್ಲಿನಲ್ಲಿ ಮೆಲ್ಲಗೆ ತೀಡಿದರೆ ಪ್ರಿಂಟಿನಲ್ಲಿ ಮುಖದ ಕಲೆ ಮಾಯ! ಆ ಕೈಚಳಕದಲ್ಲಿ ಭಾವನನ್ನು ಮೀರಿಸುವವರು ತುಮಕೂರಿನಲ್ಲೂ ಇರಲಿಲ್ಲ. ಆದರೆ ಪೆನ್ಸಿಲ್ ಮುಟ್ಟುವ ಮೊದಲು ಡಾಕ್ಟರಂತೆ ವಿಚಾರಣೆ. "ಇದು ಯಾವಾಗ ಬಂತು? ಯಾವಾಗ ಹೋಗುತ್ತೆ?" ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಹೀಗೆ ಎಂಟು ದಿನದಲ್ಲಿ ತಾನಾಗಿ ಹೋಗುವುದನ್ನು ತೆಗೆಯುತ್ತಿದ್ದರು. ಉಳಿಯುವಂಥದ್ದೋ, ಊಹೂಂ!

"ಎಂಟೇ ದಿನ ಯಾಕೆ ಭಾವ? ಹತ್ತು ಯಾಕಾಗಬಾರದು?" ಎಂದು ಒಮ್ಮೆ ಕೇಳಿದೆ.

"ಎಲ್ಲಾದ್ರೂ ಒಂದ್ ಕಡೆ ಗೆರೆ ಎಳೀಬೇಕಲ್ಲಯ್ಯ. ಹತ್ತು ಅಂದಿದ್ರೆ ಹನ್ನೊಂದು ಯಾಕಲ್ಲ ಅಂತಿದ್ದೆ ನೀನು."

"ಮತ್ತೆ ನರೆಗೂದಲಿಗೆ ಬಣ್ಣ ಬಳ್ಕೊಂಡು ಬರ್ತಾರಲ್ಲ, ಅವರ ಫೋಟೋ ತೆಗೀತೀರಲ್ಲ?"

"ಬಳ್ಕೊಂಡೋನು ಅವ್ನು. ಪೆನ್ಸಿಲ್ ಇರೋದು ನನ್ ಕೈಲಿ."

ಗುಬ್ಬಿಯ ಹತ್ತಿರದ ಕಡಬದ ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿ ಪಂಚಾಯಿತಿ ಚುನಾವಣೆಗೆ ನಿಂತು, ಕರಪತ್ರಕ್ಕೆ ಫೋಟೋ ತೆಗೆಸಲು ಬಂದ. ಮೂಗಿನ ಪಕ್ಕ ಕಡಲೆಕಾಳಿನಷ್ಟು ನರಹುಲಿ. ಅದನ್ನು ತೆಗೆಯಿರಿ ಎಂದ. ಭಾವ, "ಊರ್ನೋರು ನಿನ್ನ ಗುರ್ತು ಹಿಡಿಯೋದೇ ಇದ್ರಿಂದ ಕಣಪ್ಪ" ಎಂದರು. ಆತ ಸಿಟ್ಟಾಗಿ ಬೇರೆ ಕಡೆ ತೆಗೆಸಿದ. ಮೂರನೆಯ ದಿನ ಮುಖ ಸಣ್ಣಗೆ ಮಾಡಿಕೊಂಡು ವಾಪಸ್ ಬಂದ. ಕರಪತ್ರ ನೋಡಿ ಅವನ ತಾಯಿಯೇ, "ಯಾರ್ಲಾ ಇವ್ನು, ನಿನ್ ಎದುರಾಳಿನಾ?" ಎಂದು ಕೇಳಿದ್ದರಂತೆ!

ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಆ ಕಾನೂನು ನನ್ನ ಮನೆಗೇ ಬರುವ ತನಕ.

ನನ್ನ ಮಗಳಿಗೆ ಮೂರು ವರ್ಷವಿದ್ದಾಗ ಕುದಿಯುವ ಹಾಲು ಚೆಲ್ಲಿ, ಎಡಗೆನ್ನೆಯ ಮೇಲೆ ಕಿವಿಯಿಂದ ಗಲ್ಲದವರೆಗೆ ಸುಟ್ಟ ಕಲೆ ಉಳಿದಿತ್ತು. ತೊಂಬತ್ತರ ದಶಕದ ನಡುವೆ ಅವಳಿಗೆ ಗಂಡು ಹುಡುಕಲು ಶುರುಮಾಡಿದೆ. ಫೈಲು ಸಿದ್ಧ, ಜಾತಕದ ಪ್ರತಿಗಳು ಸಿದ್ಧ. ಬೇಕಾಗಿದ್ದು ಕಲೆಯಿಲ್ಲದ ಒಂದು ಫೋಟೋ.

"ಆಗಲ್ಲ" ಎಂದರು ಭಾವ.

"ನಿಮ್ಮ ಮನೆ ಮಗು ಅಲ್ವಾ ಭಾವ?"

"ಅದಕ್ಕೇ ಆಗಲ್ಲ ಅಂದಿದ್ದು."

ಅಕ್ಕ ಅಡುಗೆಮನೆಯಿಂದಲೇ ಕೂಗಿದಳು. "ಊರಿಗೆಲ್ಲ ಮೊಡವೆ ತೆಗೀತೀರಿ, ನನ್ ತಮ್ಮನ ಮಗಳಿಗೆ ಒಂದ್ ಗೀರು ಎಳೆಯಕ್ಕೆ ಕೈ ಬರಲ್ವಾ?"

ನಾನು ಕಾಫಿ ಕುಡಿಯದೆ ಎದ್ದುಬಂದೆ.

ತುಮಕೂರಿನ ಒಂದು ಸ್ಟುಡಿಯೋದವರು ಒಂದೇ ದಿನದಲ್ಲಿ ನನ್ನ ಮಗಳ ಕೆನ್ನೆಯನ್ನು ಗಾಜಿನಂತೆ ಮಾಡಿಕೊಟ್ಟರು. ಹೆಬ್ಬೂರಿನಿಂದ ಒಂದು ಕುಟುಂಬ ಬಂತು. ಅವಳು ಬಂದು ಕೂತಳು. ಅವರು ಫೋಟೋ ನೋಡಿದರು, ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ಕಾಫಿ ಕುಡಿದು "ತಿಳಿಸ್ತೀವಿ" ಎಂದು ಹೋದರು. ಇನ್ನೊಂದು ಕುಟುಂಬ ಬಂತು. ಅದೇ ಫೋಟೋ, ಅದೇ ಮುಖ, ಅದೇ "ತಿಳಿಸ್ತೀವಿ".

ಅಂದು ಲೋಟಗಳನ್ನು ಎತ್ತುತ್ತಾ ಮಗಳು ಹೇಳಿದಳು: "ಅಪ್ಪಾ, ಮುಂದಿನ ಸಲ ಆ ಫೋಟೋದಲ್ಲಿರೋಳನ್ನೇ ಕರ್ಕೊಂಡು ಬಂದು ಕೂರಿಸಿ."

ಮೂವತ್ತು ವರ್ಷ ಮಕ್ಕಳಿಗೆ ಸರಿ ತಪ್ಪು ಹೇಳಿಕೊಟ್ಟ ನಾನು ಆ ಫೋಟೋವನ್ನು ಫೈಲಿನಿಂದ ತೆಗೆದೆ.

ಮರುದಿನ ಅವಳೇ ಬಸ್ಸು ಹತ್ತಿ ಗುಬ್ಬಿಗೆ ಹೋದಳು. ಭಾವ ಕ್ಯಾಮೆರಾದ ಹಿಂದೆ ನಿಂತು, "ಲೈಟು ಯಾವ ಕಡೆಯಿಂದ ಹಾಕ್ಲಿ ಮಗಾ? ಬಲಗಡೆಯಿಂದ ಹಾಕಿದ್ರೆ ಎಡಗೆನ್ನೆ ನೆರಳಲ್ಲಿರುತ್ತೆ. ಅದರಲ್ಲಿ ಸುಳ್ಳೇನಿಲ್ಲ. ನಿನ್ನಿಷ್ಟ" ಎಂದರಂತೆ.

"ಎಡಗಡೆಯಿಂದ್ಲೇ ಹಾಕಿ ಮಾವ" ಎಂದಳಂತೆ ಇವಳು.

ಫೋಟೋ ನೋಡಿದೆ. ಕಲೆ ಇದ್ದ ಹಾಗೆಯೇ ಇತ್ತು. ಅದರ ಜೊತೆ ನಾನು ವರ್ಷಗಳಿಂದ ಗಮನಿಸದಿದ್ದ ಅವಳ ಕಣ್ಣುಗಳೂ ಇದ್ದವು. ಹಣೆಯ ಮೇಲಿದ್ದ ಮೊಡವೆ ಮಾತ್ರ ಇರಲಿಲ್ಲ!

ಆ ಫೋಟೋ ಕಳಿಸಿದ ಮೇಲೆ ತಿಂಗಳುಗಟ್ಟಲೆ ಯಾರೂ ಬರಲಿಲ್ಲ, ನಿಜ. ಕೊನೆಗೆ ಕುಣಿಗಲ್ಲಿನಿಂದ ಒಂದು ಕುಟುಂಬ ಬಂತು. ಕೆನ್ನೆಯ ವಿಷಯ ಹೇಗೆ ಎತ್ತಬೇಕೆಂದು ನಾನು ರಾತ್ರಿಯೆಲ್ಲ ಪಾಠ ಮಾಡಿಕೊಂಡಿದ್ದೆ. ಎರಡು ವಾಕ್ಯ ಮುಗಿಯುವ ಮೊದಲೇ ಹುಡುಗನ ತಾಯಿ ತಡೆದರು. "ಅಯ್ಯೋ, ಫೋಟೋದಲ್ಲೇ ನೋಡಿದ್ವಿ ಬುಡಿ ಮೇಷ್ಟ್ರೇ. ಮಗಾ, ನೀನ್ ಏನ್ ಓದಿದೀಯವ್ವಾ?" ಅಂದು ಯಾರೂ ಫೋಟೋ ಹೊರತೆಗೆಯಲಿಲ್ಲ.

ಮದುವೆಯ ಫೋಟೋಗಳನ್ನು ಭಾವನೇ ತೆಗೆದರು. ಅವರಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದು ನಾನು ಹತ್ತು ಹನ್ನೆರಡು ವರ್ಷ ಅಂದುಕೊಳ್ಳುತ್ತಲೇ ಇದ್ದೆ. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡುವ ನಾನು ಅದೊಂದನ್ನು ಮಾಡಲಿಲ್ಲ.

ಅವರು ತೀರಿಕೊಂಡಾಗ ನೆಗೆಟಿವ್‌ಗಳ ಕಾಲ ಮುಗಿದಿತ್ತು. ಊರಿಗೆಲ್ಲ ಫೋಟೋ ತೆಗೆದವರ ಸ್ವಂತ ಫೋಟೋ ಹುಡುಕಿದರೆ ಸಿಕ್ಕಿದ್ದು ಒಂದೇ. ಸಾಯುವ ಮೂರು ದಿನ ಮೊದಲು ನನ್ನ ಮಗಳು ತೆಗೆದದ್ದು. ಅದನ್ನು ದೊಡ್ಡದು ಮಾಡಿಸಲು ನಾವಿಬ್ಬರೂ ತುಮಕೂರಿನ ಒಂದು ಅಂಗಡಿಗೆ ಹೋದೆವು. ಕಂಪ್ಯೂಟರಿನ ಮುಂದಿದ್ದ ಹೆಂಗಸು ಉತ್ಸಾಹದಿಂದ ಕೇಳಿದರು. "ಸುಕ್ಕೆಲ್ಲ ತೆಗೀಲಾ ಸಾರ್? ಮುಂದಿನ ಹಲ್ಲು ಇಲ್ಲ, ಕೂರಿಸ್ಲಾ? ಐದು ನಿಮಿಷದ ಕೆಲ್ಸ."

"ಏನನ್ನೂ ಮುಟ್ಟಬೇಡಿ" ಎಂದೆ.

ಮಗಳು ಪರದೆಯ ಹತ್ತಿರ ಬಗ್ಗಿದಳು. "ಅಪ್ಪಾ, ಇಲ್ನೋಡಿ."

ಗಲ್ಲದ ಮೇಲೆ ಎಳ್ಳಿನಷ್ಟು ಉದ್ದದ ಕೆಂಪು ಗೆರೆ. ಗಡ್ಡ ಹೆರೆಯುವಾಗ ಬ್ಲೇಡ್ ತಾಗಿದ ಗಾಯ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಇದೊಂದನ್ನ ತೆಗೆದ್ಬಿಡಮ್ಮ" ಎಂದೆ. "ಎಂಟು ದಿನದಲ್ಲಿ ಮಾಯ್ತಿತ್ತು."