ಬಾಗಿಲು ಕಾದ ಗುಮಾಸ್ತ

ಕಾರಟಗಿ ಸಮೀಪದ ಒಂದು ಪಂಚಾಯಿತಿ ಕಚೇರಿಯಲ್ಲಿ, ಆಯುಧ ಪೂಜೆಯ ಹಿಂದಿನ ದಿನ, ಕಂಪ್ಯೂಟರಿಗೆ ಕುಂಕುಮ ಹಚ್ಚುವ ವಿಷಯಕ್ಕೆ ಜಗಳ ಶುರುವಾಯಿತು. ಹಚ್ಚಬಾರದು ಎಂದವನು ಗುಮಾಸ್ತ ಕನಕರಾಜ. ಮನೆಯಲ್ಲಿ ಅವನು ದೀಪ ಹಚ್ಚದೆ ಚಹಾ ಕುಡಿಯುವವನಲ್ಲ. ಆದರೆ ಸರಕಾರಿ ಕಚೇರಿಯಲ್ಲಿ ಯಾವ ಧರ್ಮದ ಪೂಜೆಯೂ ಕೂಡದೆಂಬುದು ಅವನ ಹಟ.

ಪಂಚಾಯಿತಿ ಸದಸ್ಯ ಅಯ್ಯಪ್ಪ ಬೂದುಗುಂಬಳಕಾಯಿಯನ್ನು ಕೂಸಿನಂತೆ ಬಗಲಲ್ಲಿ ಎತ್ತಿಕೊಂಡು ಬಂದಿದ್ದ.

"ಊರಾಗ ನಮ್ಮ ಮಂದೀನ ಭಾಳ ಅದಾರ್ರಿ. ಭಾಳ ಇದ್ದವರ ದೇವರಿಗೆ ಆಫೀಸಿನಾಗ ಜಾಗ ಇಲ್ಲೇನು?"

"ಮಸೂತಿ ಓಣಿಯವರೂ ಇಲ್ಲೇ ನೀರಿನ ಕರ ಕಟ್ತಾರ. ಮಂದಿ ಎಣಿಸಿ ದೇವರನ್ನ ಕೂಡ್ರಿಸಾಕ ಇದು ಗುಡಿ ಅಲ್ರಿ. ಸರಕಾರಕ್ಕ ಧರ್ಮ ಇರಂಗಿಲ್ಲ" ಎಂದ ಕನಕರಾಜ, ತನ್ನ ಕುರ್ಚಿಯನ್ನೇ ಎತ್ತಿ ತಂದು ಬಾಗಿಲಿಗೆ ಅಡ್ಡ ಹಾಕಿ ಕೂತುಬಿಟ್ಟ. ಕೆಲಸಕ್ಕೆ ಬಂದವರು ಅಡ್ಡಡ್ಡ ನುಸುಳಿ ಒಳಗೆ ಹೋಗಬಹುದಿತ್ತು. ಕುಂಬಳಕಾಯಿ ಹೊತ್ತ ಅಯ್ಯಪ್ಪನ ಹೊಟ್ಟೆಗೆ ಆ ಸಂದಿ ಸಾಲಲಿಲ್ಲ.

ಮಧ್ಯಾಹ್ನ ಕಂಪ್ಯೂಟರ್ ನೋಡಿಕೊಳ್ಳುವ ಮಹೇಶ್ವರಿ ರೊಟ್ಟಿ ತಂದು ಕರೆದಳು. ಕೈ ತೊಳೆಯಲು ಎಬ್ಬಿಸುವ ಹೂಟವೆಂದು ಕನಕರಾಜ ಒಲ್ಲೆನೆಂದ. ನೀರು ಕುಡಿದರೆ ಆಮೇಲೆ ಏಳಬೇಕಾಗುತ್ತದೆಂದು ಅದನ್ನೂ ಬಿಟ್ಟ. ಹಸಿವಿಗೆ ಕಣ್ಣು ತಾವಾಗಿಯೇ ಮುಚ್ಚಿದವು.

ಪಿಂಚಣಿ ಕೇಳಲು ಬಂದ ಮುದುಕವ್ವ ಇವನನ್ನು ಕಂಡು ನಿಂತಳು. ಏನಾಗಿದೆ ಎಂದು ವಿಚಾರಿಸಿದಳು. ಬೆಳಗಿನಿಂದ ಅನ್ನ ನೀರು ಮುಟ್ಟಿಲ್ಲ, ಕೂತಲ್ಲಿಂದ ಕದಲಿಲ್ಲ ಎಂದು ಮಹೇಶ್ವರಿ ಇದ್ದದ್ದನ್ನೇ ಹೇಳಿದಳು. ನವರಾತ್ರಿಯಲ್ಲಿ ಹೀಗೆ ವ್ರತ ಹಿಡಿದು ಕೂತ ಸ್ವಾಮಿಗಳನ್ನು ಮುದುಕವ್ವ ಬಲ್ಲಳು. ಚಪ್ಪಲಿ ಬಿಟ್ಟು ಕೈಮುಗಿದು, ಓಣಿಗೆ ಸುದ್ದಿ ಮುಟ್ಟಿಸಲು ಹೋದಳು.

ಕನಕರಾಜ ಕಣ್ಣು ಬಿಟ್ಟಾಗ ಕೊರಳಲ್ಲಿ ಚೆಂಡುಹೂವಿನ ಮಾಲೆ, ಹಣೆ ತುಂಬ ಕುಂಕುಮ, ಕಾಲ ಬಳಿ ಊದಿನಕಡ್ಡಿ. ಹೆಂಗಸರ ಸಾಲು ಬೇವಿನಮರ ದಾಟಿತ್ತು.

"ನಾ ಗುಮಾಸ್ತ ಅದೀನವ್ವ, ಸ್ವಾಮಿ ಅಲ್ಲ" ಎಂದು ಗೋಗರೆದ. ಖರೇ ಸ್ವಾಮಿಗಳು ಹಿಂಗೇ ಅನ್ನುತ್ತಾರೆಂದು ಮುದುಕವ್ವ ಹಿಂದಿನವರಿಗೆ ತಿಳಿಸಿದಳು. ಎದ್ದು ಓಡೋಣವೆಂದರೆ ಅಯ್ಯಪ್ಪ ಅಲ್ಲೇ ಹೊಂಚುಹಾಕಿ ನಿಂತಿದ್ದ. ಕನಕರಾಜ ಹಲ್ಲು ಕಚ್ಚಿ ಕೂತೇ ಇದ್ದ. ಕಾಯಿಗಳು ಒಡೆದವು.

ಕಚೇರಿಯಲ್ಲಿ ಪೂಜೆ ನಡೆದಿದೆಯೆಂದು ಯಾರೋ ಫೋನ್ ಮಾಡಿದ್ದರಿಂದ ತಾಲ್ಲೂಕಿನ ಸಾಹೇಬರ ಜೀಪು ಬಂತು. ಹೊಗೆಯಲ್ಲಿ ಕೆಮ್ಮುತ್ತಲೇ ಅವರು, ಸರಕಾರಿ ಜಾಗದಲ್ಲಿ ಇದನ್ನೆಲ್ಲ ಮಾಡಿದವರು ಯಾರೆಂದು ಕೇಳಿದರು.

ಅಯ್ಯಪ್ಪ ಮುಂದೆ ಬಂದು ವಿನಯದಿಂದ ಹೇಳಿದ: "ಸಿಬ್ಬಂದಿ ಯಾರೂ ಪೂಜಿ ಮಾಡಿಲ್ರಿ ಸಾಹೇಬ್ರ. ಮಾಡಿಸಿಕೊಂಡವರು ಇವರೊಬ್ರ."